ಗೋಡೆಯ ಮೇಲಿನ ಅಧ್ಯಕ್ಷರು

ಐದು ತಾಲೂಕುಗಳ ಪರೋಪಕಾರವನ್ನು ಪಟ್ಟಿ ಮಾಡುವ ಗುರುತರ ಹೊಣೆ ನಿವೃತ್ತಿಯ ನಂತರ ನನ್ನ ಹೆಗಲೇರಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಈ ಸೀಮೆಯಲ್ಲಿ ಯಾರು ಯಾರಿಗೆ ಒಳ್ಳೆಯದು ಮಾಡುತ್ತಿದ್ದಾರೆ, ಎಲ್ಲಿ ಕೂತು ಮಾಡುತ್ತಿದ್ದಾರೆ, ಯಾರ ದುಡ್ಡಿನಲ್ಲಿ ಮಾಡುತ್ತಿದ್ದಾರೆ ಎಂಬುದನ್ನು ಬರೆದು ತರಬೇಕು. ತಂದದ್ದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆ ಸರ್ಕಾರ ತೆರೆದಿಡುತ್ತದೆ. ಇದಕ್ಕೆಂದೇ ಒಂದು ವರ್ಷದ ಮಟ್ಟಿಗೆ ಅನುದಾನ ಬಂದಿತ್ತು. ಸೇವಾವಧಿಯಿಡೀ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದ ನನಗೆ, ಸಮಾಜವನ್ನು ಖುದ್ದಾಗಿ ನೋಡಿ ಬಾ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಈ ನೇಮಕಾತಿಯನ್ನು ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಮಂಡಕ್ಕಿ ಮೆಣಸಿನಕಾಯಿಯ ಸಮ್ಮುಖದಲ್ಲಿ, ಬಟ್ಟೆ ಅಂಗಡಿಯ ನನ್ನ ಹಳೆಯ ಗೆಳೆಯನಿಗೆ ತಿಳಿಸಿದೆ. ಅವನು ಅಭಿನಂದಿಸಲಿಲ್ಲ.

"ರಸ್ತಿಗೆ ರೊಕ್ಕ ಇಲ್ಲ, ಕೆರಿ ಹೂಳು ತೆಗ್ಯಾಕ ರೊಕ್ಕ ಇಲ್ಲ. ಸಂಘ ಎಣಿಸಾಕ ಐತೇನು?"

"ಎಣಿಸೋದಷ್ಟ ಅಲ್ಲೋ. ಎಲ್ಲಾರೂ ನೋಡೋ ಹಂಗ ತೆರೆದಿಡೋದು."

"ತೆರೆದಿಟ್ರ ಏನಾಕೈತಿ?"

"ಯಾವ ಸಂಘ ಬೋರ್ಡಿನಾಗ ಐತಿ, ಯಾವುದು ಕೆಲಸದಾಗ ಐತಿ ಅಂತ ನಿನಗ ಗೊತ್ತಾಕೈತಿ."

"ನನಗ ಈಗ್ಲೇ ಗೊತ್ತೈತಿ. ನನ್ನ ಕೇಳಿ ಬರ್ಕೊಂಡು ಹೋಗಿ ಮನ್ಯಾಗ ಕುಂದ್ರಲೇ. ಬಿಸಿಲಾಗ ಅಡ್ಡಾಡಿ ಸತ್ತುಗಿತ್ತೀಯಾ."

ಸಲಹೆ ಸದುದ್ದೇಶದ್ದೇ. ಆದರೆ ಯೋಜನೆಯ ನಿಯಮಾವಳಿಯಲ್ಲಿ ಬಟ್ಟೆ ಅಂಗಡಿಯವರ ಅಭಿಪ್ರಾಯಕ್ಕೆ ಕಾಲಂ ಇರಲಿಲ್ಲ.

ನನ್ನ ಜೊತೆಗೆ ಹರಪನಹಳ್ಳಿಯ ಒಬ್ಬ ಹೆಣ್ಣುಮಗಳನ್ನು ಹಾಕಿದ್ದರು. ಎರಡು ಮಕ್ಕಳ ತಾಯಿ, ವಾಣಿಜ್ಯ ಪದವೀಧರೆ, ಟ್ಯಾಬ್ ಹಿಡಿಯುವುದರಲ್ಲಿ ನಿಪುಣೆ, ನನ್ನಂಥವರನ್ನು ಸಹಿಸುವುದರಲ್ಲಿ ಅದಕ್ಕಿಂತ ನಿಪುಣೆ. ಅವಳ ಸ್ಕೂಟಿಯ ಹಿಂದಿನ ಸೀಟೇ ನನ್ನ ಕಚೇರಿಯಾಯಿತು. ಮೊದಲ ದಿನ ನಾನು ಎಡಗೈಯಲ್ಲಿ ಛತ್ರಿ, ಬಲಗೈಯಲ್ಲಿ ಚೀಲ ಹಿಡಿದು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಾಗ ಅವಳು ಹಿಂತಿರುಗಿ ನೋಡಿ, "ಸರ್, ಮದುವಿ ಮೆರವಣಿಗಿ ಅಲ್ಲ ಇದು. ಎರಡೂ ಕಡೆ ಕಾಲು ಹಾಕಿ ಕೂರ್ರಿ" ಎಂದಳು. ಕೂತೆ. ಮುಂದೆ ವರ್ಷವಿಡೀ ಅವಳು ಹೇಳಿದಂತೆಯೇ ಕೂತೆ.

ಪರೋಪಕಾರ ನಾನು ಊಹಿಸಿದ್ದಕ್ಕಿಂತ ವಿಚಿತ್ರ ಜಾಗಗಳಲ್ಲಿ ವಾಸವಾಗಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಯುವಕ ಸಂಘದ ಬೋರ್ಡು ಕೂಲ್‌ಡ್ರಿಂಕ್ಸ್ ಅಂಗಡಿಗೆ ನೆರಳಾಗಿತ್ತು. ಅದರ ಕಾರ್ಯದರ್ಶಿಯನ್ನು ವಿಚಾರಿಸಿದರೆ ಅಂಗಡಿಯವನು, "ಬೋರ್ಡ್ ಬಿಚ್ಚಬ್ಯಾಡ್ರಿ ಮತ್ತ, ಮಧ್ಯಾಹ್ನ ಬಿಸಿಲು ಭಾಳ ಹೊಡಿತೈತಿ" ಎಂದು ಕೈಮುಗಿದ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರ ಸಂಘವೊಂದಿತ್ತು. ಅವರಿಗೆ ಬೋರ್ಡೇ ಇರಲಿಲ್ಲ. ಕೆಲಸ ಮಾತ್ರ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಏನು ಮಾಡುತ್ತೀರಿ ಎಂದರೆ, "ಏನೂ ಇಲ್ರಿ, ಹಿಂಗ ಸುಮ್ನ" ಎಂದರು. ಅರ್ಧ ಗಂಟೆ ಕೂತು ಕೆದಕಿದ ಮೇಲೆ, ಹೆರಿಗೆಗೆ ಹೋಗುವವರ ಆಸ್ಪತ್ರೆ ಖರ್ಚು, ಗಂಡ ಸತ್ತವರ ಮನೆಯ ಮೊದಲ ತಿಂಗಳ ಕಾಳುಕಡಿ, ಇವೆಲ್ಲ 'ಸುಮ್ನ'ದೊಳಗೆ ಸೇರಿವೆ ಎಂದು ತಿಳಿಯಿತು. ಹರಪನಹಳ್ಳಿ ಕಡೆಯ ತೆಲಿಗಿಯಲ್ಲಿ ರಕ್ತದಾನಿಗಳ ಬಳಗದ ಸಭೆ ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ನಡೆಯುತ್ತಿತ್ತು. ಬಸ್ಸು ಬಂದರೆ ಸಭೆ ಬರಖಾಸ್ತು.

ನಮ್ಮ ಸೀಮೆಯಲ್ಲಿ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆ, ಮಾಡದ್ದನ್ನು ಬೋರ್ಡು ಬರೆಸಲು ಉತ್ಸಾಹ. ಸರ್ಕಾರ ದುಡ್ಡು ಕೊಟ್ಟು ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂರಿಸಲು ಹೊರಟದ್ದು ಸಣ್ಣ ಸಾಹಸವಲ್ಲ ಎಂದು ನನಗೆ ಆಗ ಅನ್ನಿಸತೊಡಗಿತು.

ನಾನು ಹೇಳಬೇಕೆಂದಿರುವುದು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಹೋಬಳಿಯ ಒಂದು ಊರಿನ ಕಥೆ. ಅಲ್ಲಿ ಅಂಗವಿಕಲ ಮಕ್ಕಳಿಗಾಗಿ ಒಂದು ಹಗಲು ಕೇಂದ್ರವಿತ್ತು. ಶೇಂಗಾ ತುಂಬಿಡುತ್ತಿದ್ದ ಹಳೆಯ ಗೋದಾಮು. ಈಗ ಸುಣ್ಣ ಬಳಿದು, ಗೋಡೆಗುಂಟ ಹಿಡಿದು ನಡೆಯಲು ಪೈಪು ಹಾಕಿಸಿದ್ದರು. ನಾವು ಹೋದಾಗ ಕೆಲವು ಮಕ್ಕಳು ಚಾಪೆಯ ಮೇಲಿದ್ದರು, ಒಬ್ಬ ಹುಡುಗಿ ಪೈಪು ಹಿಡಿದು ನಿಂತು ನಮ್ಮನ್ನು ತಪಾಸಣೆಯ ಕಣ್ಣಿಂದ ನೋಡಿದಳು. ಕೇಂದ್ರವನ್ನು ನಡೆಸುತ್ತಿದ್ದವಳು ಆ ಹುಡುಗಿಯ ತಾಯಿ. ಕೂಲಿ ಮನೆತನದವಳು; ಮಗಳನ್ನು ಹೊತ್ತುಕೊಂಡೇ ಮೊದಲು ಇಲ್ಲಿಗೆ ಬಂದು, ಬಂದವಳು ಕಸ ಗುಡಿಸಿ, ಗುಡಿಸಿದವಳು ಕಲಿತು, ಕಲಿತವಳು ಈಗ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ವಾರಕ್ಕೊಮ್ಮೆ ಪಟ್ಟಣದಿಂದ ಫಿಜಿಯೋಥೆರಪಿಯ ಡಾಕ್ಟರಮ್ಮ ಬಂದು ಮಕ್ಕಳ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಅವರ ಸಂಬಳ ಸರ್ಕಾರದ ಅನುದಾನದಿಂದ. ಹೊಸ ನಿಯಮವೆಂದರೆ, ಮುಂದಿನ ಸಾಲಿನಿಂದ ನಮ್ಮ ಬಹಿರಂಗ ಪಟ್ಟಿಯಲ್ಲಿ ಹೆಸರಿರುವ ಸಂಸ್ಥೆಗಳಿಗೆ ಮಾತ್ರ ಅನುದಾನ. ಪಟ್ಟಿಯಲ್ಲಿ ಹೆಸರು ಬರದಿದ್ದರೆ ಡಾಕ್ಟರಮ್ಮ ಬರುವುದಿಲ್ಲ.

ಆ ತಾಯಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. "ಈಗ ನಿಂದ್ರತಾಳ್ರಿ ನನ್ನ ಮಗಳು," ಎಂದಳು. "ನಡಿಯೋದೊಂದು ಉಳದೈತಿ. ನಡುವ ಬಿಟ್ರ ಕಾಲು ಮತ್ತ ಬಿಗಿತಾವಂತ. ಹೆಸರು ಬರ್ಕೊಳ್ರಿ."

ಬರೆದುಕೊಂಡೆವು. ಎಲ್ಲವೂ ಸರಿಯಿತ್ತು. ಲೆಕ್ಕ ಸರಿಯಿತ್ತು, ಹಾಜರಿ ಸರಿಯಿತ್ತು, ಮಕ್ಕಳು ಕಣ್ಣೆದುರಿಗಿದ್ದರು. ಕೊನೆಯ ಕಾಲಂ: ಅಧ್ಯಕ್ಷರನ್ನು ಸಂಸ್ಥೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು.

"ಅಧ್ಯಕ್ಷರನ್ನ ಕರೀರಿ" ಎಂದೆ.

ಕಾರ್ಯದರ್ಶಿ ಊರಿನ ಹಿರಿಯ ದರ್ಜಿ. ಕೊರಳಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು. ಆತ ಗಂಭೀರವಾಗಿ, "ಅದಾರ್ರಿ, ಒಳಗ" ಎಂದ.

ಒಳಗೆ ಹೋದೆವು. ಗೋಡೆಯ ಮೇಲೆ ದಪ್ಪ ಮೀಸೆಯ, ವಿಭೂತಿಯ ಹಣೆಯ ಒಬ್ಬ ಯಜಮಾನರ ಫೋಟೊ ಇತ್ತು. ಹಾರ ಹಾಕಿತ್ತು. ಅದರ ಕೆಳಗೆ ಒಂದು ಖಾಲಿ ಕುರ್ಚಿ, ಕುರ್ಚಿಯ ಮೇಲೆ ಮಡಿಸಿದ ಟವೆಲ್ಲು.

"ಇವರು ಯಾವಾಗ...?" ಎಂದು ನನ್ನ ಸಹೋದ್ಯೋಗಿ ಮೆಲ್ಲಗೆ ಕೇಳಿದಳು.

"ಆತು, ಭಾಳ ವರ್ಷ ಆತು."

"ಮತ್ತೆ ಅಧ್ಯಕ್ಷರು?"

"ಅವರ."

ವಿಷಯ ಹೀಗಿತ್ತು. ಎಣ್ಣೆ ವ್ಯಾಪಾರಿಯಾಗಿದ್ದ ಆ ಯಜಮಾನರು ತಮ್ಮ ಗೋದಾಮನ್ನೇ ಮಕ್ಕಳಿಗೆ ಬಿಟ್ಟುಕೊಟ್ಟು ಸಂಘ ಕಟ್ಟಿದವರು. ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕುವುದು ಊರಿಗೆ ಒಪ್ಪಿಗೆಯಾಗಲಿಲ್ಲ. ಪ್ರತಿ ಸಭೆಗೂ ಕುರ್ಚಿ ಹಾಕುತ್ತಾರೆ, ಟವೆಲ್ಲು ಹಾಸುತ್ತಾರೆ, 'ಮಾನ್ಯ ಅಧ್ಯಕ್ಷರ ಸಮ್ಮುಖದಲ್ಲಿ' ಎಂದು ನಡವಳಿ ಬರೆಯುತ್ತಾರೆ, ಕಾರ್ಯದರ್ಶಿ ಸಹಿ ಹಾಕುತ್ತಾನೆ. ಅಧ್ಯಕ್ಷರು ಯಾವ ನಿರ್ಣಯವನ್ನೂ ವಿರೋಧಿಸಿದ ಉದಾಹರಣೆ ಇಲ್ಲ. ಇಷ್ಟು ಶಿಸ್ತಿನ ಅಧ್ಯಕ್ಷರನ್ನು ನಾನು ಬದುಕಿದ್ದವರಲ್ಲಿ ಕಂಡಿಲ್ಲ.

ನನ್ನ ಸಹೋದ್ಯೋಗಿ ಟ್ಯಾಬನ್ನು ಗೋಡೆಯ ಕಡೆ ತಿರುಗಿಸಿದಾಗ ಯಂತ್ರ ತಾನಾಗಿಯೇ ಯಜಮಾನರ ಮುಖದ ಸುತ್ತ ಹಸಿರು ಚೌಕ ಹಾಕಿ, ಮುಖ ಸ್ಪಷ್ಟವಾಗಿದೆ ಎಂದು ತೃಪ್ತಿ ವ್ಯಕ್ತಪಡಿಸಿತು. ಕಾರ್ಯದರ್ಶಿಯ ಮುಖ ಅರಳಿತು. "ನೋಡ್ರಿ, ಮಷೀನೇ ಒಪ್ಪೈತಿ. ಇನ್ನೇನು?"

ಮಷೀನು ಒಪ್ಪಿದರೂ ಪಟ್ಟಿ ಒಪ್ಪುವುದಿಲ್ಲ ಎಂದು ನಾನು ವಿವರಿಸಬೇಕಾಯಿತು. ಕರಡು ಪಟ್ಟಿಯನ್ನು ಕೂಡ್ಲಿಗಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಯಾರಾದರೂ ಒಬ್ಬರು 'ಇವರು ಬದುಕಿಲ್ಲ' ಎಂದು ಬರೆದುಕೊಟ್ಟರೆ ಆ ಹೆಸರಷ್ಟೇ ಅಲ್ಲ, ಇಡೀ ಸಂಸ್ಥೆಯೇ ಹೋಗುತ್ತದೆ.

"ನಮ್ಮೂರಾಗ ಯಾರೂ ಬರೆದು ಕೊಡಂಗಿಲ್ಲ."

"ಬೇರೆ ಊರವರು?"

ಕಾರ್ಯದರ್ಶಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಬೇರೆ ಊರವರ ಬಗ್ಗೆ ಅವನಿಗೂ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಹುಡುಗಿಯ ತಾಯಿ ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತೇ ಇದ್ದಳು. "ಬ್ಯಾರೇದವರನ್ನ ಆರಿಸಿಬಿಡ್ರಿ ಕಾಕಾ" ಎಂದಳು.

"ಹಂಗ ಹೆಂಗ ಆರಿಸ್ತಿಯವ್ವಾ? ಅಮ್ಮಾರು ಇನ್ನೂ ಅದಾರ. ಅವರ ಮುಂದ ಅವರ ಗಂಡನ ಹೆಸರು ತಗದ್ರ ಏನಂದ್ಕೊಂಡಾರು? ಅವರು ಕೊಟ್ಟ ಜಾಗದಾಗ ಕುಂತು ಅವರನ್ನ ತಗಿಯೋದಾ?"

"ಅಮ್ಮಾರನ್ನ ಕೇಳೀರೇನು?" ಎಂದಳು ನನ್ನ ಸಹೋದ್ಯೋಗಿ.

"ಇಂಥದ್ದನ್ನ ಕೇಳ್ತಾರೇನ್ರಿ ಯಾರಾದ್ರೂ?"

ಯಾರೂ ಕೇಳಿರಲಿಲ್ಲ. ಇಷ್ಟು ವರ್ಷ ಇಡೀ ಊರು ಒಬ್ಬ ಹೆಣ್ಣುಮಗಳಿಗೆ ನೋವಾದೀತೆಂದು ಖಾಲಿ ಕುರ್ಚಿಯ ಮುಂದೆ ಸಭೆ ನಡೆಸಿತ್ತು. ಅವಳಿಗೆ ನೋವಾಗುತ್ತದೆಯೇ ಎಂದು ಕೇಳುವುದು ಮಾತ್ರ ಮರ್ಯಾದೆಯಲ್ಲವೆಂದು ಬಿಟ್ಟಿತ್ತು. ಮರ್ಯಾದೆಯ ವಿಷಯದಲ್ಲಿ ನಮ್ಮ ಕಡೆಯವರನ್ನು ಮೀರಿಸುವುದು ಕಷ್ಟ.

ಮರುವಾರ ಸಭೆ ಕರೆಯುವುದೆಂದಾಯಿತು. ಕರಡು ಪಟ್ಟಿ ಕಳಿಸಲು ಅದೇ ಕೊನೆಯ ವಾರ.  ಹಿಂತಿರುಗುವಾಗ ಸ್ಕೂಟಿಯ ಮೇಲೆ ಸಹೋದ್ಯೋಗಿಯೇ ಮಾತು ತೆಗೆದಳು.

"ಸರ್, ಆ ಅಮ್ಮ ಬ್ಯಾಡ ಅಂದ್ರೆ?"

"ಅಂದ್ರೆ ಅಂದ್ರು."

"ಆ ಹುಡುಗಿ ಕಾಲು?"

 ನಿಯಮ ಒಳ್ಳೆಯದೇ. ಬೋರ್ಡಿನ ಸಂಘಗಳನ್ನು ಜರಡಿ ಹಿಡಿಯಲೆಂದು ಮಾಡಿದ್ದು. ಆದರೆ ಜರಡಿಯಲ್ಲಿ ಕೆಲವೊಮ್ಮೆ ಕಲ್ಲು ಮೇಲುಳಿದು ಕಾಳು ಜಾರಿಹೋಗುತ್ತದೆ. ಹಾಗೆ ಆಗದಂತೆ ನೋಡಿಕೊಳ್ಳಲಿಕ್ಕೆ ಸರ್ಕಾರ ನನಗೆ ಗೌರವಧನ ಕೊಡುತ್ತಿತ್ತೆಂದು ನಾನು ಅರ್ಥ ಮಾಡಿಕೊಂಡಿದ್ದೆ.

ಸಭೆಯ ದಿನ ಗೋದಾಮು ತುಂಬಿತ್ತು. ಕುರ್ಚಿ, ಟವೆಲ್ಲು ಯಥಾಸ್ಥಾನದಲ್ಲಿದ್ದವು. ಯಜಮಾನರ ಪತ್ನಿಯನ್ನು ಕರೆತರಲು ಇಬ್ಬರು ಹೋಗಿದ್ದರು. ಬಿಳಿಸೀರೆಯ, ಚುರುಕು ನಡಿಗೆಯ ಅಮ್ಮ. ಬಂದವರೇ ಚಾಪೆಯ ಮೇಲೆ ಮಕ್ಕಳ ನಡುವೆ ಕೂತರು. ಮೇಲೆ ಕೂರಿ ಎಂದರೆ ಕೇಳಲಿಲ್ಲ.

ಕಾರ್ಯದರ್ಶಿ ಎದ್ದುನಿಂತ. ಸರ್ಕಾರ, ಪಾರದರ್ಶಕತೆ, ಬಹಿರಂಗ ಪಟ್ಟಿ, ಯಜಮಾನರ ಔದಾರ್ಯ, ಕಾಲದ ಮಹಿಮೆ ಎಲ್ಲವನ್ನೂ ಪ್ರಸ್ತಾಪಿಸಿದ. ವಿಷಯವೊಂದನ್ನು ಮಾತ್ರ ಮುಟ್ಟಲಿಲ್ಲ. ಅವನು ಸುತ್ತುತ್ತಲೇ ಇದ್ದ, ಜನ ಕೆಳಗೆ ನೋಡುತ್ತಲೇ ಇದ್ದರು. ಕೊನೆಗೆ ಅಮ್ಮನೇ, "ಏನು ಹೇಳಾಕತ್ತೀಯೋ ನೀನು? ಬಟ್ಟಿ ಅಳಿಯೋದು ಬಿಟ್ಟು ಹೊಲಿ" ಎಂದರು.

ಯಾರೋ ಕಿಸಕ್ಕೆಂದರು.  ಆಗ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿಯೇ ಮುಂದೆ ಬಂದಳು. 

"ಅಮ್ಮಾರ, ಅಧ್ಯಕ್ಷರ ಹೆಸರು ಬದಲಿ ಮಾಡಬೇಕಂತ. ಇಲ್ಲಾಂದ್ರ ಡಾಕ್ಟರಮ್ಮ ಬರಂಗಿಲ್ಲ. ಯಜಮಾನ್ರ ಹೆಸರು ತಗದ್ರ ನಿಮಗ ಬ್ಯಾಸರ ಆಕೈತಿ ಅಂತ ಇವರು ಕೇಳವಲ್ರು. ನಾನು ಕೇಳಾಕತ್ತೀನಿ. ತಪ್ಪಾಗಿದ್ರ ಬೈರಿ."

 ಅಮ್ಮ ಫೋಟೊದ ಕಡೆಗೊಮ್ಮೆ, ಕುರ್ಚಿಯ ಕಡೆಗೊಮ್ಮೆ ನೋಡಿದರು.

"ಅಂದ್ರ ಇಷ್ಟು ವರ್ಷ ನನ್ನ ಸಲುವಾಗಿ ಕುಂದ್ರಿಸೀರೇನು ಅವರನ್ನ?"

"ಹೌದ್ರೀ ಅಮ್ಮಾರ."

"ನಾನು ತಿಳಕೊಂಡಿದ್ದೆ, ನಿಮ್ಮೊಳಗ ಯಾರೂ ಕುಂದ್ರಾಕ ಒಲ್ಲೆ ಅಂದಿದ್ದಕ್ಕ ಅವರ ಮ್ಯಾಲೆ ಹಾಕೀರಿ ಅಂತ." ಅಮ್ಮ ಸೆರಗು ಸರಿಮಾಡಿಕೊಂಡರು. "ಬದುಕಿದ್ದಾಗ ಸಭಿ ಅಂದ್ರ ಹಿತ್ತಲ ಬಾಗಿಲದಿಂದ ಓಡಿ ಹೋಗ್ತಿದ್ರು ನಮ್ಮನಿಯವರು. ಸತ್ತ ಮ್ಯಾಲಾದ್ರೂ ಬಿಡ್ತಾರ ಅಂದ್ರ, ನೀವು ಒಂದೂ ಸಭಿ ಬಿಡಲಾರದಂಗ ಹಿಡದು ಕುಂದ್ರಿಸೀರಿ. ಸಾಕು ಮಾಡ್ರೀ."

ನಗು ಮೊದಲು ಹಿಂದಿನ ಸಾಲಿನಿಂದ ಬಂತು, ಆಮೇಲೆ ಎಲ್ಲ ಕಡೆಯಿಂದ. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ ನಕ್ಕ. ಅಮ್ಮ ಮಾತ್ರ ನಗಲಿಲ್ಲ. ಅವರು ಇನ್ನೂ ಮುಗಿಸಿರಲಿಲ್ಲ.

"ಈಗ ಕೇಳಿದಳಲ್ಲ, ಈಕಿನ್ನ ಮಾಡ್ರಿ."

ನಗು ಅಲ್ಲಿಗೆ ನಿಂತಿತು. ಸಭೆಯಲ್ಲಿದ್ದ ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ವರ್ಷ ಅವಳು ಸಭೆಗಳಿಗೆ ಚಹಾ ತಂದಿದ್ದಳು, ಲೆಕ್ಕ ಒಪ್ಪಿಸಿದ್ದಳು, ಎಲ್ಲವನ್ನೂ ನಿಂತುಕೊಂಡೇ. ಅವರೆದುರಿಗೆ ಅವಳು ಕೂತದ್ದನ್ನು ಯಾರೂ ನೋಡಿರಲಿಲ್ಲ. ಒಬ್ಬರು ಗಂಟಲು ಸರಿಮಾಡಿಕೊಂಡು, "ಆಕಿ ಕೆಲಸದಾಕಿ..." ಎಂದು ಶುರುಮಾಡಿದರು.

"ಅದಕ್ಕ ಹೇಳಿದ್ದು" ಎಂದರು ಅಮ್ಮ. "ಕೆಲಸ ಮಾಡದವರನ್ನ ಇಷ್ಟು ವರ್ಷ ನೋಡಿದ್ವಿ."

ನಾನು ಹೊರಗಿನವನು, ಮಾತಾಡುವಂತಿರಲಿಲ್ಲ. ಆದರೆ ಸರ್ಕಾರದ ಪ್ರತಿನಿಧಿಯೆಂಬ ಗಾಂಭೀರ್ಯವನ್ನು ಮುಖಕ್ಕೆ ತಂದುಕೊಂಡು, ಸೂಚಕರು ಯಾರು, ಅನುಮೋದಕರು ಯಾರು ಎಂದು ಕೇಳಬಹುದಿತ್ತು, ಕೇಳಿದೆ. ಸೂಚಕರು ಅಮ್ಮ. ಅನುಮೋದಕರ ಸ್ಥಾನ ಸ್ವಲ್ಪ ಹೊತ್ತು ಖಾಲಿ ಉಳಿಯಿತು. ಆಮೇಲೆ ಕಾರ್ಯದರ್ಶಿ ಟೇಪನ್ನು ಕೊರಳಿನಿಂದ ತೆಗೆದು ಜೇಬಿಗಿಟ್ಟುಕೊಂಡು, "ನಾನದೀನಿ" ಎಂದ. ಗಂಟಲು ಸರಿಮಾಡಿಕೊಂಡಿದ್ದ ಹಿರಿಯರು ವಿರೋಧಿಸಲಿಲ್ಲ, ಕೈಯನ್ನೂ ಎತ್ತಲಿಲ್ಲ. ಚಹಾ ಬಂದಾಗ ಕುಡಿದರು. ಅಷ್ಟನ್ನು ನಮ್ಮ ಕಡೆ ಒಪ್ಪಿಗೆ ಎನ್ನುತ್ತಾರೆ.

ಒಂದು ತೊಡಕು ಉಳಿದಿತ್ತು. "ಯಜಮಾನ್ರ ಹೆಸರು ಎಲ್ಲಿ ಬರೀತೀರಿ?" ಎಂದು ಕಾರ್ಯದರ್ಶಿ ಪಟ್ಟು ಹಿಡಿದ. ಟ್ಯಾಬಿನಲ್ಲಿ ಹುಡುಕಿದೆವು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಸದಸ್ಯ; ಕಟ್ಟಿದವರಿಗೆ ಜಾಗವಿರಲಿಲ್ಲ. ನಾನು ಆ ಸಂಜೆಯೇ ಯೋಜನಾ ಕಚೇರಿಗೆ ಪತ್ರ ಬರೆದೆ. ಐದು ತಾಲೂಕುಗಳಲ್ಲಿ ಸತ್ತ ಮೇಲೂ ಹುದ್ದೆ ಬಿಡದ ಪದಾಧಿಕಾರಿಗಳು ಬೇರೆ ಬೇರೆ ಊರುಗಳಲ್ಲಿ ಸಿಕ್ಕಿದ್ದಾರೆ, ಅವರನ್ನು ಕೆಳಗಿಳಿಸಲು ಊರವರಿಗೆ ಮನಸ್ಸಿಲ್ಲ, 'ಸ್ಥಾಪಕರು' ಎಂದು ಒಂದು ಕಾಲಂ ಕೊಟ್ಟರೆ ಗೌರವದಿಂದ ಇಳಿಯುತ್ತಾರೆ ಎಂದು ವಿನಂತಿಸಿದೆ. ಸರ್ಕಾರಕ್ಕೆ ಬರೆದ ಪತ್ರಗಳ ಭವಿಷ್ಯ ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ದಿನ ಬಿಟ್ಟು ಸಹೋದ್ಯೋಗಿ ಫೋನು ಮಾಡಿದಳು.

"ಸರ್, ಟ್ಯಾಬ್‌ನಾಗೆ ಹೊಸ ಕಾಲಂ ಬಂದದೆ. ಸ್ಥಾಪಕರು."

"ಏನಂದೆ?"

"ಯಾರೋ ನಿಮ್ಮ ಪತ್ರ ಓದ್ಯಾರೆ ಸರ್. ಸ್ವಲ್ಪ ಕೂತ್ಕಳ್ರಿ, ನೀರು ಕುಡೀರಿ."

ಕೂತು ನೀರು ಕುಡಿದೆ.

ಫೋಟೊ ತೆಗೆಯಲು ಮತ್ತೆ ಹೋದಾಗ ಹೊಸ ಅಧ್ಯಕ್ಷೆ ಗೋದಾಮಿನ ಮುಂದೆ ಮಗಳನ್ನು ಪಕ್ಕಕ್ಕೆ ಹಿಡಿದುಕೊಂಡು ನಿಂತಳು. ನಿಯಮದ ಪ್ರಕಾರ ಅಧ್ಯಕ್ಷರು ಒಬ್ಬರೇ ಇರಬೇಕು ಎಂದೆ. ಮಗಳನ್ನು ಬಾಗಿಲ ಚೌಕಟ್ಟು ಹಿಡಿಸಿ ನಿಲ್ಲಿಸಿ ಬಂದಳು. ಯಂತ್ರ ಈ ಮುಖಕ್ಕೆ ಹಸಿರು ಚೌಕ ಹಾಕಲು ಮೂರ್ನಾಲ್ಕು ಸಲ ಹಿಂಜರಿಯಿತು. "ಅಲ್ಲಾಡಬ್ಯಾಡ್ರಿ ಅಕ್ಕ" ಎಂದಳು ಸಹೋದ್ಯೋಗಿ. "ಯಜಮಾನ್ರಿಗೆ ಅಲ್ಲಾಡೋ ತಾಪತ್ರಯ ಇರ್ಲಿಲ್ಲ."

ಕರಡು ಪಟ್ಟಿಗೆ ಆಕ್ಷೇಪಣೆ ಬರಲಿಲ್ಲ. ಅಂತಿಮ ಪಟ್ಟಿ ಬಂತು, ಅನುದಾನ ಮುಂದುವರಿಯಿತು, ಡಾಕ್ಟರಮ್ಮನ ವಾರ ತಪ್ಪಲಿಲ್ಲ. ಬಟ್ಟೆ ಅಂಗಡಿಯ ಗೆಳೆಯ ತನ್ನ ಮೊಬೈಲಿನಲ್ಲಿ ಪಟ್ಟಿ ತೆರೆದು, ತಾನು ಚಂದಾ ಕೊಡುತ್ತಿದ್ದ ಒಂದು ಸಂಘ ಅದರಲ್ಲಿ ಇಲ್ಲವೆಂದು ಕಂಡು, ನನ್ನನ್ನು ಬೈದು, ಆಮೇಲೆ ಆ ಸಂಘದವರನ್ನು ಬೈದ. ಇದೂ ಪಾರದರ್ಶಕತೆಯ ಫಲವೆಂದೇ ನಾನು ದಾಖಲಿಸಿಕೊಂಡಿದ್ದೇನೆ. ನಮ್ಮ ಯೋಜನೆಗೂ ಇನ್ನೊಂದು ವರ್ಷ ವಿಸ್ತರಣೆ ಸಿಕ್ಕಿತು. ಬಿಟ್ಟುಹೋದವರನ್ನು ಸೇರಿಸಿ ಬನ್ನಿ ಎಂಬ ಆದೇಶದೊಂದಿಗೆ.

ಆ ಎರಡನೆಯ ವರ್ಷದ ಮೊದಲ ಸುತ್ತಿನಲ್ಲಿ ಹೊಸಹಳ್ಳಿಯ ಕಡೆ ಹೋದಾಗ ಕೇಂದ್ರಕ್ಕೆ ಇಣುಕಿದೆವು. ಅಧ್ಯಕ್ಷೆ ಫೋನಿನಲ್ಲಿದ್ದಳು. ಹಡಗಲಿ ಕಡೆಯ ಯಾರೋ ತಾಯಿ. ಮಗನಿಗೆ ನಡೆಯಲು ಬರುವುದಿಲ್ಲವಂತೆ, ಇಂಥದ್ದೊಂದು ಜಾಗ ಎಲ್ಲಾದರೂ ಇದೆಯೇ ಎಂದು ಅವರ ಊರಿನ ಆಶಾ ಕಾರ್ಯಕರ್ತೆ ಪಟ್ಟಿಯಲ್ಲಿ ಹುಡುಕಿ ನಂಬರು ಕೊಟ್ಟಿದ್ದಳಂತೆ. ಇವಳು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಿಂದ ನಮಗೆ ಕೂರಲು ಸನ್ನೆ.

"ದೂರ ಆದ್ರ ಆತು ಬಿಡ್ರೀ, ವಾರಕ್ಕೊಮ್ಮಿ ಬರ್ರಿ. ಡಾಕ್ಟರಮ್ಮ ಬರೋ ದಿನ ಬರ್ರಿ... ಫೀಸೇನೂ ಇಲ್ಲ... ಹೆದರಬ್ಯಾಡ್ರಿ, ನನ್ನ ಮಗಳೂ ಹಂಗ ಇದ್ದಳು." ಅವಳು ಗೋಡೆಯ ಕಡೆ ನೋಡಿದಳು. ಹುಡುಗಿ ಪೈಪು ಬಿಟ್ಟು, ಎರಡೂ ಕೈಗಳನ್ನು ಗಾಳಿಯಲ್ಲಿ ಅಗಲಿಸಿಕೊಂಡು, ಚಾಪೆಯ ಅಂಚಿನತ್ತ ಬರುತ್ತಿದ್ದಳು. "ಈಗ? ಈಗ ನಡಿಯಾಕತ್ತಾಳ್ರಿ. ಸ್ವಲ್ಪ ತಡೀರಿ, ಬೀಳ್ತಾಳೇನೋ, ಹಿಡದು ಬರ್ತೀನಿ."

ಫೋನು ನನ್ನ ಕೈಗೆ ಬಂತು. ಆ ಕಡೆಯ ತಾಯಿ ಬಸ್ಸು ಯಾವುದು ಎಂದು ಕೇಳಿದಳು. ಹಡಗಲಿಯಿಂದ ಕೊಟ್ಟೂರು, ಅಲ್ಲಿಂದ ಕೂಡ್ಲಿಗಿ, ಅಲ್ಲಿ ಹೊಸಹಳ್ಳಿ ಬಸ್ಸು ಹಿಡಿಯಬೇಕು ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿ ಬರೆಸಿದೆ.